ಹಲಸಿನಲ್ಲಿ ಕರ್ಪೂರ

ಎರಡು ವಾಸನೆಗಳ ನಡುವೆ, ಮೂಗು ತಿಳಿಯಾಗಲೆಂದು, ನಮ್ಮ ಗೈಡ್ ಸರ್ ತಮ್ಮ ಅಂಗಿಯ ಎಡತೋಳನ್ನೇ ಒಮ್ಮೆ ಮೂಸಿಕೊಳ್ಳುತ್ತಿದ್ದರು. ಮೂಗು ಒತ್ತಿ ಒತ್ತಿ ಆ ಜಾಗದ ಬಟ್ಟೆ ಸವೆದಿತ್ತು. ತುಮಕೂರಿನ ಆ ಲ್ಯಾಬಿನಲ್ಲಿ, ಹಣ್ಣಿನ ಘಮದೊಳಗೆ ಏನೇನಿದೆ ಎಂದು ಗೆರೆ ಎಳೆದು ತೋರಿಸುವ ಮೆಷಿನ್ ಇತ್ತು. ಆದರೂ ಈ ಮನುಷ್ಯನಿಗೆ ಮೊದಲು ಮೂಗೇ ಆಗಬೇಕು. ನಾನು ಮೂಸಿ, ನೋಟ್‌ಬುಕ್ಕಿನಲ್ಲಿ ಬರೆಯದೆ ಮೆಷಿನ್ ಮುಟ್ಟುವಂತಿರಲಿಲ್ಲ. 'ಸಿಹಿ ವಾಸನೆ' ಎಂದು ಬರೆದರೆ ಅಡ್ಡಗೆರೆ ಎಳೆಯುತ್ತಿದ್ದರು. ಯಾವ ಸಿಹಿ, ಬೆಲ್ಲದ್ದೋ ಬಾಳೆಹಣ್ಣಿನದೋ? ತಲೆಗೆ ಎಣ್ಣೆ ಬೇಡ, ಮಲ್ಲಿಗೆ ಬೇಡ, ಪೌಡರ್ ಬೇಡ. ಸಾಕಪ್ಪಾ ಸಾಕು ಅನಿಸಿಬಿಟ್ಟಿತ್ತು.

ಥೀಸಿಸ್‌ನ ಕೊನೆಯ ವರ್ಷ. ಗುಬ್ಬಿಯ ಒಂದು ಮರದ ಹಲಸು ನನ್ನ ವಿಷಯ. ಆ ಸಲದ ಕೊನೆಯ ಹಣ್ಣು ಬಂದಾಗಲೇ ಮೆಷಿನ್ ಕೆಟ್ಟಿತು. ರಿಪೇರಿಯಾದ ದಿನ ಸರ್ ಬೆಂಗಳೂರಿಗೆ ಹೋಗಿದ್ದರು. ನಿಂತುಹೋಗಿದ್ದ ಮೆಷಿನ್ ಮತ್ತೆ ಶುರುವಾಗುವಾಗ ಪೂಜೆ ಬೇಡವೇ? ಕುಂಕುಮ ಇಟ್ಟು, ಕರ್ಪೂರ ಹಚ್ಚಿ ಮಂಗಳಾರತಿ ಎತ್ತಿದೆ. ಹಲಸಿನ ತೊಳೆ ತುಂಬಿದ್ದ ಬಾಟಲಿಗಳು ಪಕ್ಕದಲ್ಲೇ ಮುಚ್ಚಳವಿಲ್ಲದೆ ಕೂತಿದ್ದವು.

ಮೆಷಿನ್ ಎಳೆದ ಗೆರೆಗಳಲ್ಲಿ ಎಲ್ಲ ಬಾಟಲಿಯಲ್ಲೂ ಕರ್ಪೂರ ಬಂತು. ಯಾರೂ ಕಾಣದ್ದನ್ನು ಕಂಡೆನೆಂದು ಕುಣಿದಾಡಿ, ಒಂದು ಅಧ್ಯಾಯವನ್ನೇ ಬರೆದೆ. ಸರ್ ಅದನ್ನು ಬದಿಗಿಟ್ಟು ನನ್ನ ನೋಟ್‌ಬುಕ್ ತೆರೆದರು. ಪೂಜೆಗೆ ಮುಂಚೆ ಮೂಸಿ ಬರೆದದ್ದು. ಅದರಲ್ಲಿ ಕರ್ಪೂರದ ಸುಳಿವೇ ಇರಲಿಲ್ಲ. ಕೇಳಿದರು, ನಾನು ಪೂಜೆಯ ವಿಷಯ ಬಾಯಿಬಿಟ್ಟೆ.

"ಇದು ಹಲಸಲ್ಲ ಕಣಮ್ಮ, ನಿನ್ ಮಂಗಳಾರತಿ. ಮುಂದಿನ್ ವರ್ಷ ಹಣ್ ಬಂದಾಗ ಮಾಡು."

ಒಂದು ವರ್ಷ! ಬೇಡಿಕೊಂಡೆ, ಅತ್ತೆ. ಕರ್ಪೂರದ ಸಾಲೊಂದನ್ನು ತೆಗೆದು ಉಳಿದದ್ದನ್ನು ಕೊಡೋಣ ಎಂದೆ. ಜಗ್ಗಲಿಲ್ಲ. ಶಿರಾ ಗೇಟಿನಲ್ಲಿ ಬಸ್ಸಿಗೆ ಕಾಯುತ್ತಾ ಅವರಿಗೆ ಶಾಪ ಹಾಕದ ದಿನವಿಲ್ಲ.

ನನಗೆ ಡಾಕ್ಟರೇಟ್ ಬಂದ ಮೇಲೆ ಸರ್ ಜ್ವರದಲ್ಲಿ ಮಲಗಿ ಎದ್ದರು. ವಾಸನೆ ಹಿಡಿಯುವ ಶಕ್ತಿ ಮಾತ್ರ ಹೋಗಿಬಿಟ್ಟಿತ್ತು. ತುಮಕೂರಿನ ಸದಾಶಿವನಗರದ ಅವರ ಮನೆಗೆ ಅದೇ ಮರದ ಹಣ್ಣು ಒಯ್ದೆ. ತೊಳೆಯನ್ನು ಮೂಗಿಗೆ ಹಿಡಿದರು, ತೋಳು ಮೂಸಿದರು, ಮತ್ತೆ ಹಿಡಿದರು. ಆಮೇಲೆ ನನ್ನ ಕೈಗೆ ಕೊಟ್ಟರು.

"ನೀನ್ ಮೂಸಿ ಹೇಳಮ್ಮ."

ಜೇನಿನ ಹಾಗಿದೆ ಎಂದೆ.

"ಯಾವ ಜೇನು?"

ಈ ಹಟಕ್ಕೆ ಏನನ್ನಬೇಕು! ಮತ್ತೆ ಮೂಸಿದೆ. ಮೇಣದ ಸಮೇತ ಹಿಂಡಿದ ಜೇನು, ಹಿಂದೆಯೇ ಸಿಪ್ಪೆ ಕಪ್ಪಾದ ಬಾಳೆಹಣ್ಣು ಎಂದೆ. ಕಣ್ಣು ಮುಚ್ಚಿ ಕೇಳಿಸಿಕೊಂಡು, ತೊಳೆಯನ್ನು ಬಾಯಿಗಿಟ್ಟುಕೊಂಡರು. ಈಗ ಸರಿಯಾಯಿತು ಎಂದರು.

ಮುಂದಿನ ಹಲಸಿನ ಕಾಲಕ್ಕೆ ಅವರಿರಲಿಲ್ಲ. ತೀರಿಕೊಂಡ ದಿನ ನಾನು ಹೋಗುವಷ್ಟರಲ್ಲಿ ಯಾರೋ ತಲೆಯ ಬಳಿ ತಟ್ಟೆಯಲ್ಲಿ ಊದುಬತ್ತಿ, ಕರ್ಪೂರ ಹಚ್ಚಿಟ್ಟಿದ್ದರು. ತಟ್ಟೆ ಎತ್ತಿಕೊಂಡು ಹೋಗಿ ಗೇಟಿನ ಹೊರಗಿಟ್ಟು ಬಂದೆ. ಅವರ ಹೆಂಡತಿ ನೋಡಿದರು, ಸರಿದು ನನಗೆ ಕೂರಲು ಜಾಗ ಬಿಟ್ಟರು.