ಶೀನಣ್ಣನ ಕೈ ತಡೆದವಳು

ಶೀನಣ್ಣ, ಆ ದಿನ ನಿಮ್ಮ ಕೈ ತಡೆದದ್ದು ನಾನು. ಡಾಲ್ಫಿನ್ ಸತ್ತದ್ದು ನಿಮ್ಮ ಬಲೆಯ ಆಸೆಯಿಂದಲ್ಲ, ನನ್ನ ಫೋಟೋದ ಆಸೆಯಿಂದ. ಇಷ್ಟು ವರ್ಷ ಎಲ್ಲರೂ ನಿಮ್ಮನ್ನು ಅಂದಾಗ ಬಾಯಿ ಮುಚ್ಚಿಕೊಂಡು ಕೂತವಳೂ ನಾನೇ. ಬರೆದರೆ ಹಗುರಾಗುತ್ತದೆ ಅನ್ನುತ್ತಾರೆ — ಬರೆದೆ, ಏನೂ ಆಗಲಿಲ್ಲ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಸಹಿಸಿಕೊಳ್ಳಿ. ಗ್ರಾಂಟ್ ರೋಡಿನ ನಿಮ್ಮ ಭಾವನ ಹೋಟೆಲಿನಲ್ಲಿ ಈ ಪತ್ರ ಅಚ್ಚಾಗುವ ಕನ್ನಡ ಪತ್ರಿಕೆ ಓದುವವರು ನೀವೊಬ್ಬರೇ ಅಲ್ಲವಲ್ಲ. ಉಳಿದವರಿಗೂ ತಿಳಿಯಲಿ.

ನಾನು ಮೈಸೂರಿನವಳು, ಮಲಾಡಿನಲ್ಲಿ ಮನೆ. ಮುಂಬಯಿಯ ದಡದ ಹತ್ತಿರವೇ ಬದುಕುವ, ಬೆನ್ನು ಗೂನಾದ ಡಾಲ್ಫಿನ್‌ಗಳ ಅಧ್ಯಯನ ನನ್ನ ಕೆಲಸ. ಇರುವುದೇ ಕೆಲವು, ಅವೂ ಕಡಿಮೆಯಾಗುತ್ತಿವೆ. ಒಂದೊಂದನ್ನೂ ಬೆನ್ನಿನ ರೆಕ್ಕೆಯ ಮೇಲಿನ ಕಚ್ಚು, ಗಾಯಗಳಿಂದ ಗುರುತಿಸುತ್ತೇವೆ. ಅದಕ್ಕೆ ರೆಕ್ಕೆಯ ಎಡಗಡೆಯ ಫೋಟೋನೂ ಬೇಕು, ಬಲಗಡೆಯದೂ ಬೇಕು. ಒಂದೇ ಕಡೆಯದಿದ್ದರೆ ಅರ್ಧ ಮುಖ ನೋಡಿ ಪರಿಚಯ ಅಂದ ಹಾಗೆ.

ನೀವು ಉಡುಪಿ ಕಡೆಯಿಂದ ಹುಡುಗನಾಗಿ ಬಂದು ಇಲ್ಲಿ ದೋಣಿ ನಡೆಸುವ ತಾಂಡೇಲರಾದವರು. ದೋಣಿ ಸೇಠನದು, ಕಡಲಿಗಿಳಿದ ಮೇಲೆ ಅದರ ಯಜಮಾನರು ನೀವು. ಮೀನುಗಾರರಿಗೆ ನಾನು ಕೊಟ್ಟ ಮೊದಲ ತರಬೇತಿಯಲ್ಲೇ ನನ್ನ ಜೊತೆ ಜಗಳ ಆಡಿದಿರಿ. ಡಾಲ್ಫಿನ್ ಬಲೆಗೆ ಬಿದ್ದರೆ ಮೊದಲು ಬಲೆ ಕುಯ್ಯಿರಿ, ಅದು ಮೀನಲ್ಲ, ಮೇಲೆ ಬಂದು ಉಸಿರಾಡದಿದ್ದರೆ ಸಾಯುತ್ತದೆ ಎಂದು ನಾನು ಹೇಳುತ್ತಿದ್ದರೆ, ಹಿಂದಿನ ಸಾಲಿನಿಂದ ನೀವು, "ಬಲೆ ಎಂತ, ನಿಮ್ಮ ಅಪ್ಪ ಕೊಡಿಸ್ತಾರಾ ಮೇಡಂ?" ಎಂದಿರಿ. ಸಭೆಯೆಲ್ಲ ನಕ್ಕಿತು. ನನಗೆ ಮೈ ಉರಿದುಹೋಯಿತು. ಆದರೆ ಹಠ ಬಿಡದೆ ನಿಮ್ಮ ಬೆನ್ನು ಹತ್ತಿದೆ, ನೀವು ಒಪ್ಪಿದಿರಿ, ಒಪ್ಪಿದ ಮೇಲೆ ನಿಮ್ಮ ದೋಣಿಯಲ್ಲೇ ಕರೆದುಕೊಂಡು ಹೋಗತೊಡಗಿದಿರಿ. ಡಾಲ್ಫಿನ್ ವಿಷಯದಲ್ಲಿ ಮೇಡಂ ಹೇಳಿದ್ದೇ ಕೊನೆ ಎಂದು ಉಳಿದವರ ಮೇಲೆ ರೇಗುತ್ತಿದ್ದಿರಿ.

ಆ ಬೆಳಗ್ಗೆ ಬಲೆ ಎಳೆಯುವಾಗ ಅದು ಬಂತು. ಬಾಲಕ್ಕೆ ಬಲೆ ಬಿಗಿಯಾಗಿ ಸುತ್ತಿಕೊಂಡಿತ್ತು. ಒಮ್ಮೆ ಮೇಲೆದ್ದು ಫುಸ್ಸೆಂದು ಉಸಿರು ಬಿಟ್ಟಿತು. ರೆಕ್ಕೆ ನೋಡಿದೆ — ತುದಿಯಲ್ಲಿ ಜೋಡಿ ಕಚ್ಚು. ವರ್ಷಗಳಿಂದ ದೂರದಲ್ಲೇ ಕಾಣಿಸಿಕೊಂಡು ಮಾಯವಾಗುತ್ತಿದ್ದ ಹೆಣ್ಣು. ನನ್ನ ಬಳಿ ಅದರ ಎಡಗಡೆ ಮಾತ್ರ ಇತ್ತು. ನೀವು ಚಾಕು ಹಿಡಿದು ದೋಣಿಯ ಅಂಚಿಗೆ ಬಾಗಿದಿರಿ. ನಾನು ಹೇಳಿದೆ:

"ಶೀನಣ್ಣ, ಒಂದ್ನಿಮಿಷ ತಡೀರಿ. ಈ ಕಡೆ ತಿರುಗ್ಲಿ, ಆಮೇಲೆ ಕುಯ್ಯೀರಂತೆ."

"ಮುಳುಗ್ತದೆ ಮೇಡಂ."

"ತಡೀರಿ ಅಂದ್ನಲ್ಲ."

ನೀವು ತಡೆದಿರಿ. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದು ಕಾದೆ. ಅದು ತಿರುಗಲಿಲ್ಲ, ಬಲೆ ಸಮೇತ ಕೆಳಗೆ ಹೋಯಿತು. ಆಮೇಲೆ ನೀವು ನನ್ನ ಮಾತಿಗೆ ಕಾಯದೆ ನೀರಿಗೆ ತೋಳು ಇಳಿಸಿ ಹುಚ್ಚು ಹಿಡಿದವರ ಹಾಗೆ ಕುಯ್ದಿರಿ. ಕುಯ್ದಾಗ ಮೇಲೆ ಬಂತು, ಉಸಿರಿರಲಿಲ್ಲ. ಬಲಗಡೆ ನನ್ನತ್ತಲೇ ಇತ್ತು. ನಾನು — ಇದನ್ನೂ ಹೇಳಿಬಿಡುತ್ತೇನೆ — ಫೋಟೋ ತೆಗೆದೆ.

ದಡದಲ್ಲಿ ನಮ್ಮ ಸಂಸ್ಥೆಯ ಮುಖ್ಯಸ್ಥರು, ಸೇಠ್, ಹತ್ತಾರು ಜನ ಸೇರಿದ್ದರು. ಏನಾಯಿತು ಎಂದು ಕೇಳಿದರು. "ಬಲೆ ಕುಯ್ಯೋದು ತಡವಾಯ್ತು" ಎಂದೆ. ಅಷ್ಟೇ. ಎಲ್ಲರೂ ನಿಮ್ಮ ಕಡೆ ತಿರುಗಿದರು. ಬಲೆಗಾಗಿ ನನ್ನ ಜೊತೆ ಜಗಳ ಆಡಿದವರು ನೀವು ಎಂದು ಎಲ್ಲರಿಗೂ ನೆನಪಿತ್ತು. ನೀವು ನನ್ನ ಕಡೆ ನೋಡಿದಿರಿ — ಇವಳು ಇನ್ನೂ ಏನೋ ಹೇಳುವುದಿದೆ ಅನ್ನುವ ಹಾಗೆ. ನಾಳೆ ಹೇಳುತ್ತೇನೆ ಅಂದುಕೊಂಡೆ. ನಿಜವಾಗಿ ಅಂದುಕೊಂಡಿದ್ದೆ.

ಆ ನಾಳೆ ಬರುವಷ್ಟರಲ್ಲಿ ಅರಣ್ಯ ಇಲಾಖೆಯವರು ಬಂದು ಸೇಠನನ್ನು ಪ್ರಶ್ನೆ ಕೇಳಿ ಹೋಗಿದ್ದರು. ಸೇಠ್ ಹೆದರಿ ನಿಮ್ಮನ್ನು ದೋಣಿಯಿಂದ ಇಳಿಸಿದ. ಬೇರೆ ದೋಣಿಯವರೂ ಹತ್ತಿಸಿಕೊಳ್ಳಲಿಲ್ಲ. ಆಗಲೂ ಹೇಳಬಹುದಿತ್ತು. ಹೇಳಿದ್ದರೆ ನನಗೆ ಮತ್ತೆ ಕಡಲಿಗೆ ಹೋಗಲು ಅನುಮತಿ ಸಿಗುತ್ತಿರಲಿಲ್ಲ, ಆ ಕೆಲಸ ಬಿಟ್ಟರೆ ನಾನು ಯಾರು ಎಂದು — ಇರಲಿ. ನಿಮ್ಮ ಕೆಲಸವೂ ಅದೇ ಆಗಿತ್ತಲ್ಲ.

ಅಲ್ಲಿಗೂ ನಿಲ್ಲಲಿಲ್ಲ. ದೋಣಿಯ ಕಂಬಕ್ಕೆ ನಾನೇ ಕಟ್ಟಿದ್ದ ಪುಟ್ಟ ಕ್ಯಾಮೆರಾದಲ್ಲಿ ಎಲ್ಲ ದಾಖಲಾಗಿತ್ತು. ಮುಖ್ಯಸ್ಥರು ಕೇಳಿದರು. ಗಾಳಿಯ ಸದ್ದು ಜಾಸ್ತಿ ಎಂದು ಸುಳ್ಳು ಹೇಳಿ ಸದ್ದು ತೆಗೆದು ಕೊಟ್ಟೆ. ಅದು ತರಬೇತಿಯ ಪಾಠವಾಯಿತು. ಊರೂರ ಮೀನುಗಾರರ ಎದುರು ತೋರಿಸಿ ನಾನೇ ವಿವರಿಸತೊಡಗಿದೆ: ನೋಡಿ, ಚಾಕು ಕೈಯಲ್ಲಿದೆ, ಆದರೆ ಕೈ ಮುಂದೆ ಹೋಗುತ್ತಿಲ್ಲ, ಬಲೆಯ ಮೋಹ ಅಂದರೆ ಇದು. ಹೇಳೋದು ಶಾಸ್ತ್ರ ತಿನ್ನೋದು ಬದನೆಕಾಯಿ ಅಂತ ನಮ್ಮಮ್ಮ ಊರವರನ್ನೆಲ್ಲ ಆಡಿಕೊಳ್ಳುತ್ತಿದ್ದರು. ಮನೆಯಲ್ಲೇ ಒಬ್ಬಳನ್ನು ಸಾಕುತ್ತಿದ್ದೇನೆ ಅಂತ ಪಾಪ ಅವರಿಗೆ ತಿಳಿದಿರಲಿಲ್ಲ. ನನಗೆ ಹೆಸರು ಬಂತು, ಬಡ್ತಿ ಬಂತು, ಎಲ್ಲಿಗೆ ಕರೆದರೂ ಅದೇ ವಿಡಿಯೋ ತನ್ನಿ ಅನ್ನುತ್ತಿದ್ದರು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ — ಉಗುಳಲಾರೆ, ನುಂಗಲಾರೆ. ತೋರಿಸುವುದಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ. ತೋರಿಸಿದರೆ ನಿಮ್ಮ ಮುಖ ನೋಡಬೇಕು. ತೋರಿಸುತ್ತಲೇ ಹೋದೆ.

ಒಮ್ಮೆ ಮಾತ್ರ ನೀವು ಕೆಲಸಕ್ಕೆ ಸೇರಿದ್ದ ಭಾವನ ಹೋಟೆಲಿಗೆ ಬಂದೆ, ಹೇಳಿಯೇಬಿಡುತ್ತೇನೆ ಎಂದು. ಗಲ್ಲಾದಲ್ಲಿ ಕೂತಿದ್ದಿರಿ. "ಎಂತ ಮೇಡಂ, ದಾರಿ ತಪ್ಪಿ ಬಂದ್ರಾ?" ಎಂದು ನಕ್ಕು ಬನ್ಸ್ ತರಿಸಿದಿರಿ. ಮಲಗುವುದೂ ಇಲ್ಲೇ, ದಹಿಸರ್‌ನ ಮನೆಗೆ ಹೋಗುವುದು ಕಮ್ಮಿ ಎಂದಿರಿ. ಯಾಕೆ ಎಂದು ನಾನು ಕೇಳಲಿಲ್ಲ. ಎದ್ದು ಹೊರಡುವಾಗ ಮೆಲ್ಲಗೆ ಹೇಳಿದಿರಿ: "ನೀವು ಹೇಳ್ತೀರಿ ಅಂತ ತುಂಬಾ ಸಮಯ ಕಾದೆ. ಈಗ ಕಾಯುದಿಲ್ಲ." ನಾನು ಲೋಕಲ್ ರೈಲು ಹತ್ತಿದೆ.

ಕಳೆದ ತಿಂಗಳು ಮಲಾಡಿನಲ್ಲೇ ತರಬೇತಿಯಿತ್ತು. ವಿಡಿಯೋ ಮುಗಿದ ಮೇಲೆ ಮೀನು ಮಾರುವ ಹೆಂಗಸೊಬ್ಬಳು ಹಿಂದಿಯಲ್ಲಿ ಕೇಳಿದಳು, "ಯೇ ಆದ್ಮೀ ಕಿಸ್ಕಿ ತರಫ್ ದೇಖ್ ರಹಾ ಹೈ?" ಈ ಮನುಷ್ಯ ಯಾರ ಕಡೆ ನೋಡುತ್ತಿದ್ದಾನೆ? ನೂರು ಸಲ ತೋರಿಸಿದ್ದೇನೆ, ಯಾರೂ ಕೇಳಿರಲಿಲ್ಲ. ಪಕ್ಕದ ದೋಣಿಯ ಕಡೆ ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ನನಗೇ ಅಸಹ್ಯವಾಯಿತು.

ಮರುದಿನ ಮುಖ್ಯಸ್ಥರ ಎದುರು ಎಲ್ಲ ಹೇಳಿದೆ. "ಹಳೇ ಕಥೆ, ಈಗ್ಯಾಕೆ? ನಿಮ್ಮ ಕೈಕೆಳಗಿನ ಹುಡುಗಿಯರ ಕೆಲಸವೂ ಹೋಗುತ್ತೆ" ಎಂದರು. ಹೌದು, ಹೋಗಬಹುದು. ಆ ಹುಡುಗಿಯರಿಗೂ ಹೇಳಿಯೇ ಬಂದೆ. ಸದ್ದು ತೆಗೆಯದ ವಿಡಿಯೋ ನನ್ನ ಬಳಿ ಇತ್ತು. ನಿಮ್ಮೆದುರು ಬರುವ ಧೈರ್ಯವಾಗದೆ ದಹಿಸರ್‌ಗೆ ಹೋದೆ, ನಿಮ್ಮ ಹೆಂಡತಿ ಗಿರಿಜಕ್ಕನ ಹತ್ತಿರ ಹೇಳುವುದು ಸುಲಭ ಅಂದುಕೊಂಡು. ನಾನು ಇನ್ನೂ ಸುಲಭದ್ದನ್ನೇ ಹುಡುಕುತ್ತಿದ್ದೆ ನೋಡಿ.

ಗಿರಿಜಕ್ಕ ಆಗಷ್ಟೇ ಮಾರ್ಕೆಟಿನಿಂದ ಬಂದಿದ್ದರು. ಮೊಬೈಲಿನಲ್ಲಿ ಹಾಕಿ ಕೊಟ್ಟೆ. ಪೂರ್ತಿ ನೋಡಿದರು, ಕೇಳಿದರು.

"ಇದನ್ನು ಅವರು ಅವತ್ತೇ ನನ್ನತ್ರ ಹೇಳಿದ್ದರು," ಎಂದರು. "ನಾನೇ ನಂಬಲಿಲ್ಲ. ಅಷ್ಟು ಓದಿದ ಹೆಂಗಸು ಸುಳ್ಳು ಹೇಳ್ತಾರಾ, ನಿಮ್ಮದೇ ಆಸೆ ಅಂತ ಬೈದೆ. ಆಮೇಲೆ ಅವರು ಮನೆಗೆ ಬರುದೇ ಕಮ್ಮಿ ಮಾಡಿದ್ದು."

ಶೀನಣ್ಣ, ನಿಮ್ಮ ದೋಣಿ ಹೋದದ್ದು ನನಗೆ ಗೊತ್ತಿತ್ತು. ಮನೆಯೂ ಹೋದದ್ದು ಗೊತ್ತಿರಲಿಲ್ಲ.

ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈಯಲ್ಲೇ ಬೇಡವೆಂದು ತಡೆದು ಬಾಗಿಲಿಗೆ ಹೋಗಿ ಅಕ್ಕಪಕ್ಕದ ಖೋಲಿಯವರನ್ನು ಕರೆದರು. ಚಾಳಿನ ಹೆಂಗಸರು, ಒಂದಿಬ್ಬರು ಗಂಡಸರು, ಒಳಗೆ ಬಂದು ಗೋಡೆಗೆ ಒರಗಿ ಕೂತರು. ಬಾಗಿಲು ತುಂಬಿಹೋಯಿತು. ನನಗೆ ಎದ್ದು ಹೋಗಲು ಜಾಗವಿರಲಿಲ್ಲ, ಇದ್ದಿದ್ದರೆ ಹೋಗುತ್ತಿದ್ದೆನೇನೋ.

"ಇವರಿಗೆಲ್ಲ ಗೊತ್ತುಂಟು, ನನ್ನ ಗಂಡ ಬಲೆಯ ಆಸೆಗೆ ಕೊಂದದ್ದು ಅಂತ," ಎಂದರು ಗಿರಿಜಕ್ಕ. "ಇದೂ ಗೊತ್ತಾಗಲಿ. ಇನ್ನೊಮ್ಮೆ ಹಾಕಿ. ಕನ್ನಡ ಇವರಿಗೆ ಬರುದಿಲ್ಲ, ಆ ಹೆಂಗಸು ಎಂತ ಹೇಳ್ತಾಳೆ ಅಂತ ನೀವೇ ಹಿಂದಿಯಲ್ಲಿ ಹೇಳಿ."

ಹಾಕಿದೆ. ಆ ಪುಟ್ಟ ಖೋಲಿಯಲ್ಲಿ ನನ್ನ ದನಿ ಕೇಳಿತು, ಆಮೇಲೆ ನಿಮ್ಮದು, ಮತ್ತೆ ನನ್ನದು.

"ರುಕೋ ಬೋಲ್ ರಹೀ ಹೈ," ಎಂದೆ. "ಅಭೀ ಮತ್ ಕಾಟೋ, ಬೋಲ್ ರಹೀ ಹೈ." ತಡೆಯಿರಿ, ಈಗಲೇ ಕುಯ್ಯಬೇಡಿ ಅನ್ನುತ್ತಿದ್ದಾಳೆ.

ಬಾಗಿಲಲ್ಲಿ ನಿಂತಿದ್ದ ಮುದುಕಿ ಅವಳು ಯಾರೆಂದು ಕೇಳಿದಳು, "ಕೌನ್ ಹೈ ವೋ?"

"ಮೈಂ," ಎಂದೆ.