ಸೇತುವೆ ಕೇಳಲು ಮೂಡುಬಿದಿರೆಗೆ

ಬೆಳಿಗ್ಗೆ ಏಳಕ್ಕೆ ಬೆಳ್ತಂಗಡಿಯಲ್ಲಿ ಬಸ್ಸು ಹತ್ತಿದಾಗ ನನ್ನ ಪಂಚೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಮೇ ತಿಂಗಳ ಕೊನೆ, ಮಳೆಗಾಲ ಇನ್ನೂ ಹಿಡಿದಿರಲಿಲ್ಲ. ಹಿಂದಿನ ದಿನದ ಒಂದೇ ಮಳೆಗೆ ನಮ್ಮ ಊರಿನ ಹೊಳೆ ಅಷ್ಟು ಏರಿತ್ತು. ಇನ್ನು ಹತ್ತು ದಿನ ಕಳೆದರೆ ಅದನ್ನು ದಾಟುವ ಹಾಗಿರಲಿಲ್ಲ. ನಮ್ಮ ಬದಿಯಲ್ಲಿ ಹನ್ನೆರಡು ಮನೆ; ಸೂಲಗಿತ್ತಿ, ಆಸ್ಪತ್ರೆ, ಬಸ್ಸು ಎಲ್ಲ ಆಚೆ ದಡದಲ್ಲಿ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ತಂಗಿ ಗಿರಿಜೆಗೆ ಒಂಬತ್ತನೆಯ ತಿಂಗಳು ನಡೆಯುತ್ತಿತ್ತು.

ನಾನು ಹೊರಟದ್ದು ನಾವು ಓಟು ಹಾಕಿ ಗೆಲ್ಲಿಸಿದ ಮುಖಂಡರನ್ನು ಹುಡುಕಿಕೊಂಡು. ಅವರು ಘಟ್ಟದ ಮೇಲಿನವರು, ತುಳು ಬಾರದು. ಎರಡು ವರ್ಷದ ಹಿಂದೆ ಮತ ಕೇಳಲು ಬಂದಾಗ ಅವರ ಭಾಷಣವನ್ನು ತುಳುವಿನಲ್ಲಿ ಹೇಳಿದವನು ನಾನು. ಬೆಳ್ತಂಗಡಿಯಲ್ಲಿ ಅಂಗಡಿ ಇಟ್ಟ, ಹತ್ತನೆಯವರೆಗೆ ಓದಿದ ದರ್ಜಿ ಎಂದು ಆ ಕೆಲಸಕ್ಕೆ ನನ್ನನ್ನು ಕರೆದಿದ್ದರು. "ಮುಂದಿನ ಮಳೆಗಾಲದೊಳಗೆ ನಿಮ್ಮ ಹೊಳೆಗೆ ಸೇತುವೆ" ಎಂದು ಮುಖಂಡರು ಭಾಷಣದಲ್ಲಿ ಹೇಳಿದ್ದರು. "ಇವರನ್ನು ನಂಬಬಹುದು" ಎಂದು ನಾನೇ ಒಂದು ಮಾತು ಸೇರಿಸಿದ್ದೆ. ಮಳೆಗಾಲ ಎರಡು ಕಳೆದವು. ನೆರೆಮನೆಯ ಐತಪ್ಪಣ್ಣ "ನೀನು ಹೇಳಿದ್ದಕ್ಕೆ ಓಟು ಹಾಕಿದ್ದು ಮಾರಾಯ" ಎಂದಾಗಲೆಲ್ಲ ನನಗೆ ತಲೆ ಎತ್ತಲು ಆಗುತ್ತಿರಲಿಲ್ಲ.

ಮಡಂತ್ಯಾರು, ಪುಂಜಾಲಕಟ್ಟೆ ದಾಟಿ ಬಂಟ್ವಾಳ ಮುಟ್ಟುವಾಗ ಎಂಟೂವರೆ. ಮುಖಂಡರು ಇಳಿದುಕೊಂಡಿದ್ದ ಪ್ರವಾಸಿ ಬಂಗಲೆಯ ಕಾವಲುಗಾರ ಅಂಗಳ ಗುಡಿಸುತ್ತಿದ್ದ.

"ಸಾಹೇಬರು ಆಗಲೇ ಹೊರಟರಲ್ಲ. ಮೂಡುಬಿದಿರೆಯಲ್ಲಿ ಹನ್ನೊಂದಕ್ಕೆ ಸಭೆ ಉಂಟು. ಸಿದ್ಧಕಟ್ಟೆ ಮೇಲಿನ ಬಸ್ಸಿಗೆ ಓಡಿ."

ಗೋಳಿಬಜೆ ಕಟ್ಟಿಸಿಕೊಂಡು ಬಸ್ಸು ಹತ್ತಿದೆ, ಆದರೆ ತಿನ್ನಲು ಮನಸ್ಸಾಗಲಿಲ್ಲ. ಸಿದ್ಧಕಟ್ಟೆಯ ಆಚೆ ಮಳೆ ಹನಿಯಿತು. ಇಲ್ಲಿ ಹೀಗಾದರೆ ಘಟ್ಟದ ಬುಡದ ನಮ್ಮ ಊರಿನಲ್ಲಿ ಹೇಗಿದ್ದೀತು ಎಂದು ಕಿಟಕಿಯಿಂದ ಮೂಡಣದ ಕಡೆಗೇ ನೋಡುತ್ತಿದ್ದೆ.

ಮೂಡುಬಿದಿರೆಯ ಬಸ್ ನಿಲ್ದಾಣದ ಹಿಂದಿನ ಸಭಾಂಗಣದಲ್ಲಿ ಜನ ತುಂಬಿದ್ದರು. ಯಾವುದೋ ಹೊಳೆಯಾಚೆಯ ಹಳ್ಳಿಯವರನ್ನು ಲಾರಿಯಲ್ಲಿ ಕರೆತಂದಿದ್ದರಂತೆ. ಬಾಗಿಲಲ್ಲೇ ಮುಖಂಡರು ನನ್ನ ಗುರುತು ಹಿಡಿದರು.

"ಓ, ನೀವು! ಒಳ್ಳೇ ಹೊತ್ತಿಗೆ ಬಂದ್ರಿ. ತುಳು ಹೇಳೋರು ಇವತ್ತು ಕೈಕೊಟ್ಟಿದ್ದಾರೆ."

"ನಮ್ಮ ಸೇತುವೆ ವಿಷಯ ಒಂದು ಮಾತು..."

"ಆಮೇಲೆ ಮಾತಾಡೋಣ, ಬನ್ನಿ" ಎಂದು ಭುಜ ಹಿಡಿದು ವೇದಿಕೆಗೆ ಕರೆದೊಯ್ದರು. ಸಭೆ ಮುಗಿದರೆ ಕೇಳಿಯಾರು ಎಂದು ನಾನೂ ಹೋದೆ.

ವಂದನೆ, ಪಕ್ಷದ ಸಾಧನೆ ಎಲ್ಲವನ್ನೂ ತುಳುವಿನಲ್ಲಿ ಹೇಳುತ್ತಾ ಬಂದೆ. ಆಮೇಲೆ ಅವರು ಕೈ ಎತ್ತಿ, "ಮುಂದಿನ ಮಳೆಗಾಲದೊಳಗೆ ನಿಮ್ಮ ಹೊಳೆಗೆ ಸೇತುವೆ" ಎಂದರು. ಒಂದಕ್ಷರ ಬದಲಾಗಿರಲಿಲ್ಲ. ಮುಂದಿನ ಸಾಲಿನ ಮುದುಕಿಯೊಬ್ಬರು ಅವರನ್ನು ನೋಡದೆ ನನ್ನ ಬಾಯನ್ನೇ ನೋಡುತ್ತಿದ್ದರು.

ಅವರು ಹೇಳಿದ್ದನ್ನು ಹಾಗೆಯೇ ಹೇಳಿದೆ. ಬಳಿಕ ತುಳುವಿನಲ್ಲೇ, "ಎರಡು ವರ್ಷದ ಹಿಂದೆ ನಮ್ಮ ಊರಿನಲ್ಲಿ ಇದೇ ಮಾತು ಹೇಳಿದ್ದರು. ಅದನ್ನು ತುಳುವಿನಲ್ಲಿ ಹೇಳಿದವನೂ ನಾನೇ. ಸೇತುವೆ ಆಗಲಿಲ್ಲ. ಇವತ್ತು ಬೆಳಿಗ್ಗೆ ಹೊಳೆಗೆ ಇಳಿದೇ ಬಂದೆ" ಎಂದೆ.

"ಯಾಕೆ, ಚಪ್ಪಾಳೆ ಇಲ್ವಲ್ಲ?" ಎಂದು ಮುಖಂಡರು ನಗುತ್ತಾ ಪಕ್ಕದವರನ್ನು ಕೇಳಿದರು. ಪಕ್ಕದವರು ಕಿವಿಯಲ್ಲಿ ಏನೋ ಉಸುರಿದರು. ನಗು ಹೋಯಿತು. ಯಾರೋ ನನ್ನ ತೋಳು ಹಿಡಿದು ಬದಿಯ ಬಾಗಿಲಿನಿಂದ ಹೊರಗೆ ಬಿಟ್ಟರು. ಕೇಳಲು ಬಂದದ್ದನ್ನು ಕೇಳಲೇ ಇಲ್ಲ, ಇನ್ನು ಕೇಳುವ ಹಾಗೂ ಇರಲಿಲ್ಲ.

ಆ ಮುದುಕಿ ನನ್ನ ಹಿಂದೆಯೇ ಬಂದರು. "ಹಾಗಾದರೆ ಈ ಮಳೆಗೆ ನೀವು ಏನು ಮಾಡ್ತೀರಿ ಮಗ?" ಎಂದು ಕೇಳಿದರು.

ವೇಣೂರಿನ ದಾರಿಯಾಗಿ ಹಿಂದಿರುಗುವಾಗ ದಾರಿಯುದ್ದಕ್ಕೂ ಅದೇ ಪ್ರಶ್ನೆ. ಊರು ಮುಟ್ಟುವಾಗ ಹೊಳೆ ಸೊಂಟದ ಮಟ್ಟಕ್ಕೆ ಬಂದಿತ್ತು. ಐತಪ್ಪಣ್ಣ ನಮ್ಮ ಬದಿಯ ದಡದಲ್ಲಿ ಕಾಯುತ್ತಿದ್ದರು. ದಾಟಿ ಹೋಗಿ ನಡೆದದ್ದೆಲ್ಲ ಹೇಳಿ, "ನನ್ನಿಂದ ತಪ್ಪಾಯಿತು" ಎಂದೆ. ಅವರು ಏರುತ್ತಿದ್ದ ನೀರಿನ ಕಡೆ ಕೈ ತೋರಿಸಿದರು.

"ಅದು ಇರಲಿ. ನಾಳೆಯೇ ಗಿರಿಜೆಯನ್ನು ದಾಟಿಸುವ."

ಮರುದಿನ ನಾಲ್ವರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೆಗಲ ಮೇಲೆ ಹೊತ್ತು ದಾಟಿಸಿದೆವು. ಬೆಳ್ತಂಗಡಿಯಲ್ಲಿ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಅಮ್ಮನೊಂದಿಗೆ ಉಳಿದಳು. ಜೂನ್ ನಡುವೆ, ಹೊಳೆ ದಡ ಮೀರಿ ಹರಿದ ದಿನವೇ, ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು.

"ಮನೆಗೆ ಯಾವಾಗ ಹೋಗುವುದು ಅಣ್ಣ?" ಎಂದು ಗಿರಿಜೆ ಕೇಳಿದಳು.

"ನೀರು ಇಳಿದ ಮೇಲೆ ಹೋಗುವ" ಎಂದೆ. ಇಂಥ ತಿಂಗಳು ಎಂದು ಮಾತು ಕೊಡಲು ಹೋಗಲಿಲ್ಲ.