ಕಂಚಿನ ತಪ್ಪಲೆಯ ಗುಣ

ಬಣಕಲ್ ಸಮೀಪದ ಕಾಫಿ ಎಸ್ಟೇಟೊಂದರ ಶಿಶುವಿಹಾರದಲ್ಲಿ ಬೆಳಿಗ್ಗೆ ಬೇಯಿಸಿದ ಗಂಜಿಯನ್ನು ಮಧ್ಯಾಹ್ನ ಮಕ್ಕಳಿಗೆ ತಣ್ಣಗೆ ಬಡಿಸುತ್ತಾರೆಂಬ ದೂರನ್ನು ಪರಿಶೀಲಿಸಲು ಹೋಗಿದ್ದೆ. ದೂರು ಹಾಗೆಯೇ ಉಳಿದರೆ ಅಡುಗೆಯ ಗಿರಿಜಮ್ಮನವರ ಕೆಲಸ ಹೋಗುವುದು ಖಚಿತವಿತ್ತು.

"ಈ ಸ್ಟೀಲ್ ಪಾತ್ರೆಯದೇ ತಪ್ಪು ಮೇಡಂ. ಧಣಿಗಳ ಅಮ್ಮ ಕಂಚಿನ ತಪ್ಪಲೆಯಲ್ಲಿ ಇಡ್ತಿದ್ರು. ಸಂಜೆವರೆಗೂ ಹಬೆಯಾಡ್ತಿತ್ತು" ಎಂದು ಗಿರಿಜಮ್ಮ ಆ ತಪ್ಪಲೆಯನ್ನೇ ಹೊತ್ತು ತಂದರು.

ನನಗೆ ನಂಬಿಕೆ ಬರಲಿಲ್ಲ. ಎರಡಕ್ಕೂ ಒಂದೇ ಅಳತೆಯ ಬಿಸಿ ಗಂಜಿ ಸುರಿಸಿ ಮುಚ್ಚಿಸಿದೆ. ಕೂರಲಾಗದೆ ಜಗುಲಿಯುದ್ದಕ್ಕೂ ನಡೆದೆ. ಹತ್ತು ನಿಮಿಷಕ್ಕೊಮ್ಮೆ ಒಳಬಂದು ಥರ್ಮಾಮೀಟರ್ ಅದ್ದಿ ನೋಡಿದೆ. ಮೊದಲು ತಣಿದದ್ದು ಕಂಚಿನದೇ. ಗಿರಿಜಮ್ಮನವರ ಕಣ್ಣು ತುಂಬಿತು.

"ಧಣಿಗಳ ಅಮ್ಮ ತಪ್ಪಲೆಯನ್ನು ಎಲ್ಲಿಡುತ್ತಿದ್ದರು?" ಎಂದು ಕೇಳಿದೆ.

"ಕಂಬಳಿ ಸುತ್ತಿ, ಕಾಫಿ ಹೊಟ್ಟು ತುಂಬಿದ ಬುಟ್ಟಿಯೊಳಗೆ. ಮತ್ತೆಲ್ಲಿಡ್ತಾರೆ ಮೇಡಂ?"

ಮರುದಿನ ಸ್ಟೀಲ್ ಪಾತ್ರೆಗೇ ಕಂಬಳಿ ಸುತ್ತಿಸಿ ಹೊಟ್ಟಿನೊಳಗೆ ಹೂಳಿಸಿದೆ. ಮಧ್ಯಾಹ್ನ ಮಕ್ಕಳು ಗಂಜಿಯನ್ನು ಊದಿ ಊದಿ ಕುಡಿದರು. ದೂರು ಮುಗಿಯಿತೆಂದು ಅಲ್ಲಿಯೇ ಬರೆದುಕೊಂಡೆ.

"ನೋಡಿದ್ರಾ?" ಎಂದರು ಗಿರಿಜಮ್ಮ, ಗೆದ್ದವರಂತೆ. "ಒಂದು ದಿನ ಕಂಚಿನ ಪಕ್ಕದಲ್ಲಿದ್ದದ್ದಕ್ಕೇ ಸ್ಟೀಲಿಗೂ ಗುಣ ಬಂತು."

ಥರ್ಮಾಮೀಟರನ್ನು ಒರೆಸಿ ಚೀಲಕ್ಕೆ ಹಾಕಿಕೊಂಡೆ.